ನಮ್ಮ ಲೇಥಿನ ಜೀರ್ಣೋದ್ಧಾರ

ಎಪ್ಪತ್ತು ದಾಟಿದ ಗಂಡಸು ಕಟ್ಟೆಯ ಮೇಲೆ ಕೂತಿರಬೇಕಂತೆ. ನನಗೆ ಕೂತರೆ ಅಂಗಾಲು ತುರಿಸುತ್ತದೆ, ಎದ್ದರೆ ಕೈ ತುರಿಸುತ್ತದೆ. ಈ ತುರಿಕೆಯಲ್ಲೇ ಬನಹಟ್ಟಿಯ ನಮ್ಮ ಹಿತ್ತಿಲಿನ ಹಳೇ ಲೇಥಿಗೆ ಜೀರ್ಣೋದ್ಧಾರ ಮಾಡುವ ಯೋಗ ಬಂತು. ನಾನು ಕಬ್ಬಿಣ ಕಡೆಯುವ ವಿದ್ಯೆಯನ್ನು ಯಾರೂ ಕಲಿಸದೆ ಕಲಿತವನು. (ಯಾರೂ ಕಲಿಸದ್ದಕ್ಕೇ ಹಿಂಗಾಗೇತಿ ಅನ್ನುತ್ತಾಳೆ ನನ್ನ ಹೆಂಡತಿ ಶಿವವ್ವ.)

ಮೊದಲು ಉಳಿ ಹಿಡಿಯುವ ತಲೆಯನ್ನು ಬದಲಿಸಿದೆ. ಹಳೆಯದರಲ್ಲಿ ಪಾನಾ ಹಿಡಿದು ಬೋಲ್ಟು ತಿರುವುತ್ತ ಹೆಣಗಬೇಕಿತ್ತು; ಹೊಸದರಲ್ಲಿ ಹಿಡಿಕೆ ಎಳೆದರೆ ಟಕ್, ಉಳಿ ಬಿಗಿಯಿತು. ಕೆಲಸವಿಲ್ಲದಿದ್ದರೂ ಹತ್ತು ಸಲ ಟಕ್ ಅನ್ನಿಸಿದೆ. ಮರುದಿನವೇ ಶಿವವ್ವನ ಮಗ್ಗದ ಶಾಫ್ಟ್ ಮುರಿಯಿತು.

"ಸೋಮವಾರ ಸಾವಕಾರ್ರು ಸೀರಿ ಒಯ್ಯಾಕ ಬರ್ತಾರ. ಸೀರಿ ಇಲ್ಲಂದ್ರ ಮುಂದಿನ ನೂಲು ಬಾಜೂ ಮನಿಗಿ ಹೋಗ್ತೈತಿ. ಶಾಫ್ಟ್ ಮಹಾಲಿಂಗಪುರದಾಗ ಮಾಡಸ್ತೀನಿ," ಎಂದಳು.

"ಮನ್ಯಾಗ ವಿಶ್ವಕರ್ಮ ಕುಂತಾನ, ಮಹಾಲಿಂಗಪುರ ಯಾಕ?"

"ಕುಂತಿದ್ರ ಚಿಂತಿ ಇರಲಿಲ್ಲ ಬಿಡ್ರಿ."

ಶಾಫ್ಟ್ ಕಡೆದೆ. ಒಂದು ತುದಿ ದಪ್ಪ, ಇನ್ನೊಂದು ತೆಳ್ಳಗೆ. ಶಿವವ್ವ ಕೈಯಲ್ಲಿ ಹಿಡಿದು ನೋಡಿದಳು. "ಪಲ್ಯಕ್ಕ ಗಜ್ಜರಿ ಛಲೋ ಬಂದೈತಿ."

ತಪ್ಪು ನನ್ನದಾಗುವುದು ಶಕ್ಯವೇ ಇಲ್ಲ. ಕಬ್ಬಿಣ ಕಚ್ಚಿ ಹಿಡಿಯುವ ಚಕ್ ಸವೆದಿದೆ ಎಂದು ಹೊಸ ಚಕ್ ಕೂರಿಸಿದೆ. ಎರಡನೆಯ ಗಜ್ಜರಿ. ಬೇರಿಂಗ್ ಬದಲಿಸಿದೆ. ಮೂರನೆಯದು. ಬೆಲ್ಟನ್ನೂ ಬಿಡಲಿಲ್ಲ. ರೊಟ್ಟಿ ಕೈಯಲ್ಲಿ ಹಿಡಿದೇ ಹಿತ್ತಿಲಿಗೆ ಓಡುತ್ತಿದ್ದೆ. ಪಲ್ಯ ಒಳಗೆ, ನಾನು ಹೊರಗೆ. ಶನಿವಾರದ ಹೊತ್ತಿಗೆ ಆ ಲೇಥಿನ ಹತ್ತಿರ ಹಳೆಯದೆಂದು ಉಳಿದದ್ದು ನಾನೊಬ್ಬನೇ.

ಭಾನುವಾರ ಮುಂಜಾನೆ ಶಿವವ್ವ ಮುರಿದ ಶಾಫ್ಟನ್ನು ಚೀಲಕ್ಕೆ ಹಾಕಿದಳು. "ಹತ್ತರ ಬಸ್ಸಿಗಿ ನಾ ಹೊಂಟೆ."

ಅಷ್ಟರಲ್ಲಿ ಪಕ್ಕದ ಓಣಿಯ ಜಕ್ಕಪ್ಪ ಬಂದ. ಕುರಿ ಸಾಕುವವನು, ಬಾಯಿ ಸಡಿಲ. ಶಿವವ್ವ ತುಂಬಿಕೊಟ್ಟ ಚಹಾದ ಗ್ಲಾಸನ್ನು ಸೀದಾ ನನ್ನ ಲೇಥಿನ ಮೇಲಿಟ್ಟ.

"ಕಾಕಾ, ಚಾ ಒಂದ ಕಡಿ ಚೆಲ್ಲಾಕತ್ತೈತಲ್ಲ."

"ಲೇ, ಕುರಿ ಕಾಯಾವಗ ಲೇಥ್ ಏನ್ ತಿಳೀತೈತಿ?"

"ಲೇಥ್ ತಿಳ್ಯಾಂಗಿಲ್ರಿ. ಚಾ ತಿಳೀತೈತಿ."

ಶಿವವ್ವ ಚೀಲ ಇಟ್ಟು ಬಗ್ಗಿದಳು. ಲೇಥಿನ ಒಂದು ಕಾಲಿನ ಅಡಿಗೆ ಬೆರಳಿನ ಉಗುರು ತೂರಿಸಿದಳು. ತೂರಿತು.

"ಇಲ್ಲೊಂದ ತಗಡಿತ್ತಲ್ಲ, ಎಲ್ಲಿ ಹೋತು?"

(ಈ ಸಂಗತಿಯನ್ನು ನಿಮಗೆ ಮೊದಲೇ ಹೇಳಬೇಕಿತ್ತು; ಬಾಯಿ ಬರಲಿಲ್ಲ. ಹೊಸ ತಲೆಯಲ್ಲಿ ಉಳಿ ತುಸು ಕೆಳಗೆ ಕೂತಿತ್ತು. ಅದನ್ನು ಎತ್ತರಿಸಲು ಅಡಿಗೊಂದು ತಗಡು ಬೇಕಾಗಿತ್ತು. ಹುಡುಕುವ ತಾಳ್ಮೆ ಯಾರಿಗಿದೆ? ಕಾಲ ಬುಡದಲ್ಲಿ ಒಂದು ಕಂಡಿತು. ಹಾರೆಯಿಂದ ಮೀಟಿ ಎಳೆದುಕೊಂಡೆ.)

ನಾನು ಉಳಿಯ ಕೆಳಗಿನಿಂದ ತಗಡನ್ನು ತೆಗೆದು ಕೊಟ್ಟೆ. ಶಿವವ್ವ ಹೊಸ ಚಕ್ ನೋಡಿದಳು, ಹೊಸ ಬೇರಿಂಗ್ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.  

ತಗಡು ಕಾಲಡಿ ಸೇರಿತು; ತಿರುಚಿಕೊಂಡಿದ್ದ ಲೇಥಿನ ಮೈ ನೆಟ್ಟಗಾಯಿತು. ಉಳಿಯ ಅಡಿಗಿಡಲು ಎಣ್ಣೆ ಡಬ್ಬಿಯ ಮುಚ್ಚಳ ಕತ್ತರಿಸಿ ಅವಳೇ ಕೊಟ್ಟಳು. ಶಾಫ್ಟ್ ಸೂತ್ರ ಹಿಡಿದಂತೆ ನೆಟ್ಟಗೆ ಬಂತು. ಮಧ್ಯಾಹ್ನವೇ ಮಗ್ಗ ಖಟಖಟ ಶುರು. ಸೋಮವಾರ ಸಾವಕಾರ್ರು ಸೀರೆ ಒಯ್ದು ನೂಲು ಇಳಿಸಿ ಹೋದರು.

ಆದರೆ ಜಕ್ಕಪ್ಪನ ಕುರಿ ಹೋದಲ್ಲೆಲ್ಲ ಸುದ್ದಿಯೂ ಮೇಯಲು ಹೋಗಿತ್ತು. ಮಂಗಳವಾರ ರಬಕವಿಯ ಈರಪ್ಪ ಒಂದು ಗಾಲಿ ಹೊತ್ತುಕೊಂಡು ಬಂದ. ನಾನು ಅಂಗಿಯ ತೋಳು ಮಡಚಿ ಮುಂದೆ ಹೋದೆ.

"ಕಾಕೂ ಅದಾರೇನ್ರಿ?" ಎಂದ.

"ಮಗ್ಗದ ಮ್ಯಾಲ ಅದಾಳ. ಯಾಕ?"

"ಹಂಗಾರ ಕಾಯ್ತೀನ್ರಿ. ಅವ್ರ ಒಮ್ಮಿ ಲೇಥಿನ ಕಾಲು ನೋಡ್ಲಿ, ಆಮ್ಯಾಲ ನೀವು ಕಡಿರ್ಯಂತ."

ಇಬ್ಬರೂ ಬೆಂಚಿನ ಮೇಲೆ ಕೂತೆವು. ನಾನು ಎದ್ದಾಗಲೆಲ್ಲ ಈರಪ್ಪ ಅಂಗಿ ಹಿಡಿದು, "ಕುಂದರ್ರಿ ಕಾಕಾ, ಬರ್ತಾರ," ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದ.