ಹಳೇ ಡಬ್ಬಿಗೆ ಉತ್ತರಾಯಣದ ಗಡುವು

ಹಳೇ ಕಂಪ್ಯೂಟರ್ ಸಾಕಿಕೊಂಡವನು ನಗೆಪಾಟಲಾಗಲು ಬೇರೆ ಕಾರಣ ಬೇಡ, ಸ್ವಿಚ್ ಹಾಕಿದರೆ ಸಾಕು. ಉಳಿದದ್ದೆಲ್ಲ ತಾನಾಗಿಯೇ ಆಗುತ್ತದೆ.

ನನ್ನದು ವಿಮಾ ಕಚೇರಿಯ ಕೆಲಸ. ವಡೋದರಾದಲ್ಲಿ ಹೊಸದಾಗಿ ಸಂಸಾರ ಹೂಡಿದಾಗ ಕೊಂಡ ಕಂಪ್ಯೂಟರ್ ಅದು. ಅಲ್ಲಿಂದ ಸೂರತ್‌ಗೆ, ಸೂರತ್‌ನಿಂದ ಅಹಮದಾಬಾದಿನ ಚಾಂದ್‌ಖೇಡಾಕ್ಕೆ ವರ್ಗವಾದಾಗಲೆಲ್ಲ ನಮ್ಮ ಜೊತೆಗೇ ಬಂತು. ಮುಂದೆ ಗಾಜು, ಹಿಂದೆ ಗೂನು ಬೆನ್ನು, ಪಕ್ಕದ ಪೆಟ್ಟಿಗೆಯಲ್ಲಿ ಫ್ಲಾಪಿ ತೂರಿಸುವ ಬಾಯಿ. ಕಚೇರಿ ಕೆಲಸಕ್ಕೆ ಹೊಸ ಲ್ಯಾಪ್‌ಟಾಪ್ ಇದೆ. ಆದರೂ ಹಳೆಯದನ್ನು ವಾರಕ್ಕೊಮ್ಮೆ ಒರೆಸಿ, ಚಾಲೂ ಮಾಡಿ, ಅದು ಗುರ್ರೆಂದರೆ ನನಗೆ ಸಮಾಧಾನ. ಈ ಹುಚ್ಚು ನನಗೊಬ್ಬನಿಗೇ ಅಲ್ಲ. ಮೂರೂ ಊರುಗಳಲ್ಲಿ ನಮ್ಮದೊಂದು ಬಳಗವಿದೆ. ಯಾರದಾದರೂ ಯಂತ್ರ ಕೆಟ್ಟರೆ ಉಳಿದವರು ಫೋನಿನಲ್ಲೇ ಆರೋಗ್ಯ ವಿಚಾರಿಸುತ್ತೇವೆ.

೧. ಗಡುವು

ಕಳೆದ ದೀಪಾವಳಿಗೆ ಇಡೀ ಕಾಲೊನಿ ಮನೆ ತೊಳೆಯುವ ಗದ್ದಲದಲ್ಲಿತ್ತು. ಇಲ್ಲಿ ದೀಪಾವಳಿಗೆ ಮುಂಚೆ ಮನೆಯಲ್ಲಿ ಹಳೆಯದು ಏನೂ ಉಳಿಯಬಾರದು. ಧಾರವಾಡದ ನನ್ನ ಹೆಂಡತಿಗೆ ಗುಜರಾತಿಗರ ಈ ಒಂದು ಪದ್ಧತಿ ಬಹಳ ಬೇಗ ಹಿಡಿಸಿತು. ಪೊರಕೆ ಹಿಡಿದು ಕಂಪ್ಯೂಟರ್ ಮುಂದೆ ನಿಂತಳು.

"ಏನ್ರೀ, ಇದು ಕಂಪ್ಯೂಟರೋ, ನಿಮ್ಮ ಮೊದಲನೇ ಹೆಂಡ್ತಿಯೋ?"

ನಾನು ಅದರ ಗಾಜು ಒರೆಸತೊಡಗಿದೆ.

"ಉತ್ತರಾಯಣಕ್ಕ ನಮ್ಮ ಅಣ್ಣನ ಮನಿಯವರು ಗಾಳಿಪಟ ನೋಡ್ಲಿಕ್ಕೆ ಬರ್ತಾರ, ಆರು ಮಂದಿ. ಈ ಮೂಲ್ಯಾಗ ಒಂದು ಮಂಚ ಹಾಕಬೇಕು. ಅಷ್ಟರೊಳಗ ಈ ಡಬ್ಬಿಯಿಂದ ಮನಿಗೆ ಒಂದಾದ್ರೂ ಉಪಯೋಗ ಆದ್ರ ಇರ್ಲಿ. ಇಲ್ಲಾಂದ್ರ ಗುಜರಿ."

"ಮನೆಗೇ ಆಗಬೇಕಾ?" ಎಂದೆ.

"ಮನಿಗೇ. ಊರ ಉದ್ಧಾರ ಲೆಕ್ಕಕ್ಕಿಲ್ಲ."

ಅಂದಿನಿಂದ ನನಗೆ ಸರಿಯಾಗಿ ಊಟ ಸೇರಲಿಲ್ಲ. ಸೇರದಿದ್ದರೂ ಬಡಿಸಿದ್ದನ್ನೆಲ್ಲ ಉಂಡೆ, ಅದು ಬೇರೆ ಮಾತು.

೨. ತಲೆಯಿಲ್ಲದ ನವಿಲು

ಮೊದಲ ಅವಕಾಶ ಸೂರತ್‌ನಿಂದ ಬಂತು. ನಮ್ಮ ಬಳಗದ ಒಬ್ಬರಿಗೆ ಅಲ್ಲಿ ಸೀರೆಗೆ ಕಸೂತಿ ಹಾಕುವ ಕಾರ್ಖಾನೆ ಇದೆ. ಅವರ ಕಸೂತಿ ಯಂತ್ರ ಗಟ್ಟಿಮುಟ್ಟಾಗಿದೆ, ಆದರೆ ವಿನ್ಯಾಸವನ್ನು ಫ್ಲಾಪಿಯಲ್ಲಿ ಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತದೆ. ಫ್ಲಾಪಿ ತುಂಬಿಸುವ ಅವರ ಹಳೇ ಕಂಪ್ಯೂಟರ್ ಮದುವೆ ಸೀಸನ್ನಿನಲ್ಲೇ ಕೈಕೊಟ್ಟಿತ್ತು.

"ಸಾಹೇಬ್, ನೀವೇ ಕಾಪಾಡಬೇಕು!" ಎಂದರು ಫೋನಿನಲ್ಲಿ.

ಅವರು ಕಳಿಸಿದ ನವಿಲಿನ ವಿನ್ಯಾಸವನ್ನು ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡು, ಹಳೆಯದಕ್ಕೆ ದಾಟಿಸಿ, ಎರಡು ಫ್ಲಾಪಿ ತುಂಬಿಸಿದೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಸ್ಟೀಲಿನ ಊಟದ ಡಬ್ಬಿಯಲ್ಲಿ ಅವನ್ನಿಟ್ಟು, ಬೆಳಗಿನ ರೈಲು ಹತ್ತಿ ನಾನೇ ಒಯ್ದೆ. ಮೊದಲನೆಯದು, ಯಂತ್ರದ ಸೂಜಿಗಳೆಲ್ಲ ಒಟ್ಟಿಗೆ ಓಡುತ್ತಿದ್ದಾಗ, ಅರ್ಧ ವಿನ್ಯಾಸಕ್ಕೇ ಉಸಿರು ಬಿಟ್ಟಿತು. ಎರಡನೆಯದು ಕೈಹಿಡಿಯಿತು. ಸೀರೆಗಳೆಲ್ಲ ಸಮಯಕ್ಕೆ ಮುಗಿದವು. ಮಾಲೀಕರು ನನ್ನ ಕೈ ಹಿಡಿದು, "ಭಾಭಿಗೆ ನನ್ನ ಕಡೆಯಿಂದ" ಎಂದು ಒಂದು ಸೀರೆಯ ಪೊಟ್ಟಣ ಕೊಟ್ಟರು.

ಗೆದ್ದೆ ಎಂದುಕೊಂಡೆ. ಮನೆಗೆ ಸೀರೆ ಬಂದರೆ ಅದಕ್ಕಿಂತ ಉಪಯೋಗ ಯಾವುದು? ಹೆಂಡತಿ ಸಂಭ್ರಮದಿಂದಲೇ ಬಿಚ್ಚಿದಳು. ಅದು ಮೊದಲ ಫ್ಲಾಪಿಯ ಸೀರೆ. ಅಂಚಿನುದ್ದಕ್ಕೂ ನವಿಲು, ಗರಿ ಇದೆ, ಕಾಲಿದೆ, ಒಂದಕ್ಕೂ ತಲೆಯಿಲ್ಲ.

ಆಕೆ ಒಂದೊಂದನ್ನೂ ಬೆರಳಿಟ್ಟು ನೋಡಿದಳು. "ತಲೀನ ಇಲ್ಲಲ್ರೀ! ಇವೂ ನಿಮ್ಮ ಬಳಗದವ ಇರಬೇಕು."

೩. ಮದುವೆಗಿಂತ ಹಳೆಯ ಚಟ್ನಿಪುಡಿ

ಎರಡನೆಯ ಅವಕಾಶ ಕೊಟ್ಟವರು ಅಹಮದಾಬಾದಿನದೇ ಬಡಾವಣೆಯಾದ ನವರಂಗಪುರದ ಒಬ್ಬ ಹೋಟೆಲಿನವರು. ಉಡುಪಿ ಕಡೆಯವರು, ಬಳಗದಲ್ಲಿ ಹಿರಿಯರು. ಅವರಲ್ಲಿ ಚಟ್ನಿಪುಡಿಯ ಪೊಟ್ಟಣಕ್ಕೆ ಚೀಟಿ ಹೊಡೆಯುವ ಹೊಸ ಯಂತ್ರ ಮುಷ್ಕರ ಹೂಡಿತ್ತು.

"ಎಂತ ಮಾಡುದು ಮಾರಾಯ್ರೆ? ನಿಮ್ಮ ಹಳೇದ್ರಲ್ಲಿ ನೂರು ಚೀಟಿ ಹೊಡೆದು ಕೊಡಿ."

ಕಂಪ್ಯೂಟರಿಗೆ ಜೋಡಿಸಿದ್ದ ಹಳೇ ಪ್ರಿಂಟರ್ ಕಿರಕಿರ ಎನ್ನುತ್ತ ಅಷ್ಟನ್ನೂ ಹೊಡೆಯಿತು. ಪೊಟ್ಟಣಗಳು ಗಲ್ಲಾ ಪಕ್ಕದಲ್ಲಿ ಸಾಲಾಗಿ ಕೂತವು. ಮರುದಿನ ಕಾಫಿಗೆಂದು ಹೋದಾಗ ಒಬ್ಬ ಗುಜರಾತಿ ಹೆಂಗಸು ಪೊಟ್ಟಣವನ್ನು ಕಣ್ಣಿನ ಹತ್ತಿರ ಹಿಡಿದು ನಿಂತಿದ್ದಳು.

"ಭಾಯ್, ತಯಾರಿಸಿದ ದಿನ ೧೯೮೦ನೇ ಇಸವಿ ಜನವರಿ ಒಂದು ಅಂತಿದೆ! ಈ ಪುಡಿ ನನ್ನ ಮದುವೆಗಿಂತ ಹಳೇದು!"

ಕಂಪ್ಯೂಟರಿನ ಒಳಗಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ. ಪ್ರತಿ ಸಲ ಚಾಲೂ ಮಾಡಿದಾಗಲೂ ಅದಕ್ಕೆ ಅದೇ ದಿನ. ತಾರೀಕು ನಾವೇ ತಿದ್ದಬೇಕು, ನಾನು ಮರೆತಿದ್ದೆ. ಕಾಫಿ ಲೋಟದ ಹಿಂದೆ ಮುಖ ಮರೆಸಿಕೊಂಡೆ.

ಹೋಟೆಲಿನವರು ಅಳುಕಲಿಲ್ಲ. "ಬೆಹೆನ್, ಅದು ಪುಡಿಯ ವಯಸ್ಸಲ್ಲ, ಅದನ್ನು ಬರೆದವರ ಬುದ್ಧಿಯ ವಯಸ್ಸು. ಅಲ್ಲಿ ಕಾಫಿ ಕುಡೀತಾ ಇದ್ದಾರೆ ನೋಡಿ."

ಅಂಗಡಿ ತುಂಬ ನಕ್ಕರು. ಅವಳು ಎರಡು ಪೊಟ್ಟಣ ಕೊಂಡಳು. ನನಗೂ ಒಂದು ಪುಕ್ಕಟೆ ಸಿಕ್ಕಿತು. ಮನೆಯಲ್ಲಿ ಅದನ್ನು ಉಪಯೋಗವೆಂದು ಮುಂದಿಟ್ಟರೆ ಹೆಂಡತಿ ಚೀಟಿ ಓದಿ ಕಸದ ಬುಟ್ಟಿಗೆ ಹಾಕಿದಳು.

೪. ಕೊನೆಯ ಬಿಸಿ

ಜನವರಿ ಹದಿಮೂರು ಬಂದೇಬಿಟ್ಟಿತು. ಮರುದಿನ ಉತ್ತರಾಯಣ. ಭಾವನ ಮನೆಯವರು ಬಂದಿಳಿದಿದ್ದರು. ಗುಜರಿಯವನಿಗೆ ಹನ್ನೊಂದು ಗಂಟೆಗೆ ಬರಲು ಹೇಳಿಯಾಗಿತ್ತು.

ಅಡುಗೆಮನೆಯಲ್ಲಿ ಇನ್ನೊಂದು ಸಂಕಟ. ಹಬ್ಬದ ದಿನ ಕಟ್ಟಡದವರೆಲ್ಲ ಟೆರೇಸಿನಲ್ಲಿ ಸೇರುತ್ತಾರೆ. ಅವರು ಉಂಧಿಯು ಎಂಬ ತರಕಾರಿ ಪಲ್ಯ, ಜಿಲೇಬಿ ತರುತ್ತಾರೆ. ಇಡ್ಲಿ ನಮ್ಮದು ಎಂದು ಹೆಂಡತಿ ಎಲ್ಲರಿಗೂ ಮಾತು ಕೊಟ್ಟಿದ್ದಳು. ಹಿಂದಿನ ದಿನವೇ ಎರಡು ದೊಡ್ಡ ಬೋಗುಣಿ ಹಿಟ್ಟು ರುಬ್ಬಿಟ್ಟಿದ್ದಳು. ಇಲ್ಲಿನ ಚಳಿಗೆ ಹಿಟ್ಟು ಒಂದು ಬೆರಳೂ ಉಬ್ಬಿರಲಿಲ್ಲ.

"ಕಂಬಳಿ ಹೊಚ್ಚಿದೆ, ಬಿಸಿಲಿಗಿಟ್ಟೆ, ಏನೂ ಆಗವಲ್ದು. ಅಣ್ಣನ ಮುಂದ, ಇಡೀ ಕಟ್ಟಡದ ಮುಂದ ಮರ್ಯಾದಿ ಹೋತು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಕಣ್ಣಲ್ಲಿ ನೀರು ನೋಡಿ ನನಗೂ ಬೇಸರವಾಯಿತು. ಆದರೆ ನನ್ನದೇ ಒಂದು ಸಾವು ಎದುರಿಗಿತ್ತು.

ಕೊನೆಯ ಸಲ ಎಂದು ಕಂಪ್ಯೂಟರ್ ಚಾಲೂ ಮಾಡಿ ಕೂತೆ. ಅರ್ಧ ಗಂಟೆಯಾದ ಮೇಲೆ ಅದರ ಗೂನು ಬೆನ್ನಿನ ಮೇಲೆ ಕೈಯಿಟ್ಟೆ. ಬೆನ್ನು ಬೆಚ್ಚಗಿತ್ತು. ಪಕ್ಕದ ಲ್ಯಾಪ್‌ಟಾಪ್ ಮುಟ್ಟಿ ನೋಡಿದೆ. ತಣ್ಣಗಿತ್ತು.

"ಹಿಟ್ಟಿನ ಬೋಗುಣಿ ತಗೊಂಡು ಬಾ!" ಎಂದು ಕೂಗಿದೆ.

"ಈಗ ಚ್ಯಾಷ್ಟಿ ಮಾಡಬ್ಯಾಡ್ರಿ!"

ಆದರೂ ತಂದಳು. ಮುಳುಗುವವರಿಗೆ ಹುಲ್ಲುಕಡ್ಡಿಯೇ ಆಸರೆ. ಕಂಪ್ಯೂಟರಿನ ಆಚೆ ಈಚೆ ಬೋಗುಣಿ ಇಟ್ಟು, ಮೇಲೆ ಗಾಳಿಯಾಡಲು ಕಿಂಡಿ ಬಿಟ್ಟು, ಶಾಲಿನಿಂದ ಗುಡಾರ ಮಾಡಿದೆ. ಗುಜರಿಯವನನ್ನು ಸಂಜೆ ಬಾ ಎಂದು ಸಾಗಹಾಕಿದೆ. ಭಾವ ಬಂದು ಗುಡಾರ ನೋಡಿ, "ಒಳಗ ಬಾಣಂತಿ ಅದಾಳೇನು?" ಎಂದು ಕೇಳಿ ಹೋದ.

ಸಂಜೆಗೆ ಶಾಲು ತೆಗೆದರೆ ಹಿಟ್ಟು ಮುಚ್ಚಳವನ್ನೇ ಎತ್ತಿ ನಿಂತಿತ್ತು! ಹೆಂಡತಿ ಹಿಟ್ಟನ್ನೊಮ್ಮೆ ನೋಡಿದಳು, ಕಂಪ್ಯೂಟರನ್ನೊಮ್ಮೆ ನೋಡಿದಳು. ಅಷ್ಟರಲ್ಲಿ ಗುಜರಿಯವನು ತಕ್ಕಡಿ ಹಿಡಿದು ಒಳಗೇ ಬಂದ. ಇವಳು ಸೌಟು ಎತ್ತಿ ಅಡ್ಡ ನಿಂತಳು.

"ಇದನ್ನ ಮುಟ್ಟಿದಿ ಅಂದ್ರ ನೋಡು! ಒಯ್ಯೂದಿದ್ರ ಆ ಹೊಸಾದನ್ನ ಒಯ್ಯಿ!"

ಅವನಿಗೆ ಕನ್ನಡ ಬಾರದು, ಸೌಟು ಅರ್ಥವಾಯಿತು. ನನಗೆ ಹೋದ ಜೀವ ಬಂತು.

ಮರುದಿನ ಟೆರೇಸಿನಲ್ಲಿ ಇಡ್ಲಿ ಹತ್ತಿಯಂತಿದ್ದವು. ಮಂಚ ಹಾಕಬೇಕಿದ್ದ ಮೂಲೆಯಲ್ಲಿ ಕಂಪ್ಯೂಟರ್ ಉಳಿಯಿತು. ಭಾವ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದ. ಸುದ್ದಿ ಬಳಗಕ್ಕೆಲ್ಲ ಹಬ್ಬಿತು. ನವರಂಗಪುರದ ಹೋಟೆಲಿನವರು ಫೋನ್ ಮಾಡಿ, "ದೋಸೆ ಹಿಟ್ಟಿಗೆ ಯಾವ ಮಾಡೆಲ್ ಒಳ್ಳೇದು ಮಾರಾಯ್ರೆ?" ಎಂದು ಕೇಳಿದರು.

ಮೊನ್ನೆ ಭಾನುವಾರ ಎಂದಿನಂತೆ ಒರೆಸಿ ಚಾಲೂ ಮಾಡೋಣವೆಂದು ಹೋದೆ. ಅದು ಆಗಲೇ ಶಾಲು ಹೊದ್ದು ಗುರ್ರೆನ್ನುತ್ತಿತ್ತು. ಒಳಗಿನಿಂದ ಹೆಂಡತಿಯ ದನಿ ಬಂತು.

"ಏನ್ರೀ, ಅದನ್ನ ಮುಟ್ಟಬ್ಯಾಡ್ರಿ, ಅದಕ್ಕ ಕೆಲಸ ಅದ. ನಿಮಗ ಆಡೂದಿದ್ರ ಲ್ಯಾಪ್‌ಟಾಪ್‌ನ್ಯಾಗ ಆಡ್ರಿ."