ಕಪಾಟಿನ ಕಾಲಿಗೆ ತೆಂಗಿನೆಣ್ಣೆ

ಯಡ್ತರೆಯ ಶೈಲೇಶ್ ಮಾಸ್ತರರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಅದು ತಪ್ಪಲ್ಲ. ಮನೆಯಲ್ಲೂ ಕಲಿಸುತ್ತಾರೆ ಎಂಬುದೇ ಹೆಂಡತಿ ಶರ್ಮಿಳಾಳ ದೂರು.

ಆ ದಿನ ಶಿರೂರಿನಲ್ಲಿ ಅವಳ ತಮ್ಮನ ನಿಶ್ಚಿತಾರ್ಥ. ಹುಡುಗಿಗೆ ಹೂ ಮುಡಿಸಬೇಕಾದವಳು ಒಬ್ಬಳೇ ಅಕ್ಕನಾದ ಇವಳು. ಹೊರಡುವ ಗಡಿಬಿಡಿಯಲ್ಲಿ ಒಂದು ಬೆಂಡೋಲೆ ಕೈಜಾರಿ ಕಬ್ಬಿಣದ ಕಪಾಟಿನ ಅಡಿಗೆ ಹೋಯಿತು. ಒಂದೇ ಕಿವಿಗೆ ಓಲೆ ಹಾಕಿಕೊಂಡು ಬೀಗರೆದುರು ನಿಲ್ಲುವುದು ಹೇಗೆ? ಅವಳಿಗೆ ಅಳುವೇ ಬಂತು.

"ಹಿಡಿಕಡ್ಡಿ ಹಾಕಿ ಎಳ್ದ್ ತೆಗಿತೆ," ಎಂದು ಕಡ್ಡಿಪೊರಕೆಯತ್ತ ತಿರುಗಿದಳು.

"ಬ್ಯಾಡ, ಇನ್ನೂ ಒಳಗೆ ಹೋತ್ತ್. ಕಪಾಟನ್ನೇ ದೂಡ್ವ," ಎಂದರು ಮಾಸ್ತರರು.

"ಹಂಗಾರೆ ಒಳಗಿನ್ ಸಾಮಾನಾರೂ ತೆಗಿನಿ ಮಾರಾಯ್ರೆ, ಭಾರ ಕಮ್ಮಿ ಆತ್ತ್."

"ಎಂತಕೆ? ನಿಂತದ್ದ್ ಹೊರಡುವಾಗ ತಡೆಯುದ್ ಸ್ಥಾಯಿ ಘರ್ಷಣೆ, ಅದೇ ದೊಡ್ಡದ್. ಒಂದ್ಸಲ ಹೊರಟ್ರೆ ಮತ್ತೆ ಇಪ್ಪುದ್ ಬರೀ ಜಾರುವ ಘರ್ಷಣೆ, ಅದ್ ಸಣ್ಣದ್. ಶುರುವಿಗೆ ಒಂಚೂರ್ ಎಣ್ಣಿ ಬಿಟ್ರಾಯ್ತ್!"

ಕಿರಿಮಂಜೇಶ್ವರದ ಕಡಲ ದಂಡೆಯಲ್ಲಿ ಬೆಳೆದ ಮಾಸ್ತರರು, ಎಣ್ಣೆ ಸವರಿದ ಹಲಗೆಗಳ ಮೇಲೆ ಅಪ್ಪ, ಚಿಕ್ಕಪ್ಪ ದೋಣಿ ದೂಡುವುದನ್ನು ಎಷ್ಟೋ ಸಲ ಕಂಡವರು. ಅಂಥ ದೋಣಿಯೇ ಹೊರಡುವಾಗ ಈ ಕಪಾಟು ಯಾವ ಲೆಕ್ಕ? ತೆಂಗಿನೆಣ್ಣೆ ಬಾಟಲಿ ತಂದು ಕಪಾಟಿನ ನಾಲ್ಕೂ ಪಾದಗಳಿಗೆ ಭಕ್ತಿಯಿಂದ ಅಭಿಷೇಕ ಮಾಡಿದರು. (ಎಣ್ಣೆ ತಿಂಗಳಿಡೀ ಬರಬೇಕಾದದ್ದು.) ದೋಣಿ ದೂಡುವವರ ಕಾಲು ದಂಡೆಯ ಮರಳಿನಲ್ಲಿ ಹೂತಿರುತ್ತದೆ ಎಂಬ ಸಣ್ಣ ವಿಚಾರ ಮಾತ್ರ ನೆನಪಾಗಲಿಲ್ಲ. ಇಲ್ಲಿದ್ದದ್ದು ನುಣ್ಣನೆಯ ಟೈಲ್ಸ್ ನೆಲ. ಎಣ್ಣೆ ಕಪಾಟಿನ ಪಾದಗಳಡಿಗೆ ಇಳಿಯದೆ ಸುತ್ತಲೂ ಹರಡಿ ಮಾಸ್ತರರ ಅಂಗಾಲಿಗೂ ಬಂತು.

"ಐಲೇಸಾ!" ಎಂದು ದೂಡಿದರು. ಕಪಾಟು ಕದಲಲಿಲ್ಲ. ಮಾಸ್ತರರ ಕಾಲೆರಡೂ ಹಿಂದಕ್ಕೆ ಹೊರಟವು. ಹೊಸ ರೇಷ್ಮೆ ಅಂಗಿಯ ಸಮೇತ ಎಣ್ಣೆಯಲ್ಲಿ ಬೋರಲು ಬಿದ್ದರು. ಏಳಹೋದರೆ ಕೈ ಜಾರಿತು, ಮತ್ತೆ ಎದ್ದರೆ ಮೊಣಕಾಲು.

"ಅಯ್ಯೋ, ಪೆಟ್ಟಾಯ್ತಾ?" ಶರ್ಮಿಳಾ ಹೆದರಿ ಓಡಿಬಂದಳು.

"ಇಲ್ಲ, ಎಂತದೂ ಇಲ್ಲ."

ಅವಳು ಸಮಾಧಾನದ ಉಸಿರುಬಿಟ್ಟು, ಗಂಡನನ್ನು ಅಲ್ಲೇ ಬಿಟ್ಟು, ಮೊದಲು ಹಿಡಿಕಡ್ಡಿ ತಂದಳು. ಕಪಾಟು ಬಾಗಿಲ ಪಕ್ಕದಲ್ಲೇ ಇದ್ದದ್ದರಿಂದ ಹೊಸ್ತಿಲಲ್ಲೇ ಕೂತು ಅದರಡಿ ಕೆದಕಿದ್ದೇ ತಡ, ಬೆಂಡೋಲೆ ಎಣ್ಣೆಯ ಮೇಲೆ ಸಲೀಸಾಗಿ ಜಾರಿ ಬಂತು. ಆಮೇಲೆ ಮೈ ಒರೆಸುವ ಬೈರಾಸಿನ ಒಂದು ತುದಿ ಎಸೆದು, ಹಿಡಿದುಕೊಂಡ ಗಂಡನನ್ನು ಎಳೆದಳು. ಮಿಸುಕಲಿಲ್ಲ. ಹಲ್ಲು ಕಚ್ಚಿ ಎಳೆದಾಗ ಮಾಸ್ತರರು ಒಮ್ಮೆಲೇ ಸುಂಯ್ಯನೆ ಬಂದು ಹೊಸ್ತಿಲಿಗೆ ತಾಗಿ ನಿಂತರು.

"ಕಂಡ್ಯಾ ಹೆಣೆ? ಶುರುವಿಗ್ ಮಾತ್ರ ಕಷ್ಟ!" ಬಿದ್ದಲ್ಲಿಂದಲೇ ಹೆಂಡತಿಗೆ ಪಾಠ.

ಅಷ್ಟರಲ್ಲಿ ತಮ್ಮನ ಫೋನು ಬಂತು. "ಅಕ್ಕಾ, ಎಲ್ರೂ ಕಾಯ್ತಾ ಇದ್ರ್. ಭಾವ ಹೊರಟ್ರಾ?"

ಬೆಂಡೋಲೆಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ ಶರ್ಮಿಳಾ ಹೇಳಿದಳು: "ನಾ ರಿಕ್ಷಾ ಹತ್ಕಂಡ್ ಬತ್ತೆ ಮಗಾ. ಭಾವನೂ ಹೊರಟ್ರ್, ಹೊಸ್ಲ್ ತನಕ ಬಂದ್ರ್. ಕಪಾಟೊಂದೇ ಹೊರಡ್ಲಿಲ್ಲ."