ಫಿಟ್ಸ್ ನಿಲ್ಲಿಸಿದ ಕೀ ಗೊಂಚಲಿಗೆ ಒಂದು ಅಹವಾಲು

ಕರಾವಳಿ ಅಪಸ್ಮಾರ ಮಾರ್ಗಸೂಚಿ ರಚನಾ ಸಮಿತಿಯ ಏಕೈಕ ಪ್ರಬಲ ಸಾಕ್ಷ್ಯವೂ, ಬಲ್ಮಠದ ಸಭಾಂಗಣದ ಬಾಗಿಲಿನ ಒಡೆಯರೂ, ಸದ್ಯ ಅರಗಿನ ಮುದ್ರೆಯೊಳಗೆ ವಿಶ್ರಾಂತಿಯಲ್ಲಿರುವವರೂ ಆದ ಮಾನ್ಯ ಕಬ್ಬಿಣದ ಕೀ ಗೊಂಚಲಿನವರೇ,

ಈ ಉಪ್ಪುಗಾಳಿಯ ಊರಿನಲ್ಲಿ ತಮಗೆ ತುಕ್ಕು ಹಿಡಿಯದಿರಲಿ ಎಂದು ಹಾರೈಸಿ, ಹೇಳಬೇಕಾದ್ದನ್ನು ನೇರವಾಗಿ ಹೇಳುತ್ತೇನೆ.

ಸಮಿತಿಯವರು ನಮಗೆ ಮಾತು ಕೊಟ್ಟದ್ದು ಇಷ್ಟು. ಫಿಟ್ಸ್ ಕಾಯಿಲೆಯನ್ನು ಹೇಗೆ ಗುರುತಿಸಬೇಕು, ಯಾವ ಮಾತ್ರೆಯಿಂದ ಶುರು ಮಾಡಬೇಕು, ಬಸುರಿಯಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಯಾವುದನ್ನು ಕೊಡಬಾರದು ಎಂಬುದನ್ನೆಲ್ಲ ಅವರಿವರ ಮಾತಿನಿಂದಲ್ಲ, ಸಾಕ್ಷ್ಯದಿಂದ ತೂಗಿ ಒಂದು ಮಾರ್ಗಸೂಚಿ ಬರೆಯುತ್ತೇವೆ ಎಂದರು. ಬರೆಯುವಾಗ ಕಾಯಿಲೆಯವರನ್ನೂ ಮೇಜಿನ ಸುತ್ತ ಕೂರಿಸುತ್ತೇವೆ ಎಂದರು. ಮಾತ್ರೆಯಿಂದ ಹತೋಟಿಯಲ್ಲಿರುವವರನ್ನು ಫಿಟ್ಸಿನ ನೆಪದಲ್ಲಿ ಕೆಲಸದಿಂದ ತೆಗೆಯಬಾರದು ಎಂಬ ವಾಕ್ಯ ಅದರಲ್ಲಿ ಇದ್ದೇ ಇರುತ್ತದೆ ಎಂದರು. ಸಿಕ್ಕಿದ್ದೇನು? ಮಾರ್ಗಸೂಚಿ ಇಲ್ಲ. ಮೇಜಿನ ಸುತ್ತ ಕುರ್ಚಿ ಇಲ್ಲ, ಗೋಡೆಬದಿಯ ಬೆಂಚು. ಆ ವಾಕ್ಯವೇನೋ ಉಂಟು, ಆದರೆ ತಾವಿರುವ ಸಭಾಂಗಣದೊಳಗೆ, ಬೀಗದ ಹಿಂದೆ. ಕೀ ಎಲ್ಲಿ ಎಂದು ಕೇಳಿದರೆ, ಕೀ ತಾವೇ.

ನಾನು ದೇಯಿ. ಬೀಡಿ ಕಾರ್ಮಿಕರ ಮೆರವಣಿಗೆಗಳಲ್ಲಿ ಗಂಟಲು ಬೆಳೆಸಿಕೊಂಡವಳು, ಈಗ ಕಂಕನಾಡಿಯ ಅಪಸ್ಮಾರ ಪೀಡಿತರ ಹಕ್ಕುಗಳ ಸಂಘದ ಕಾರ್ಯದರ್ಶಿ. ನನ್ನ ತಮ್ಮನ ಮಗಳು ನಿರೀಕ್ಷಾ ಫಳ್ನೀರಿನ ಒಂದು ಖಾಸಗಿ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ನೋವಾಗದ ಹಾಗೆ ಸೂಜಿ ಚುಚ್ಚುತ್ತಾಳೆಂದು ಜನ ಅವಳ ಪಾಳಿ ಕೇಳಿಕೊಂಡು ಬರುತ್ತಿದ್ದರು. ಅಲ್ಲಿ ಅವಳಿಗೆ ಒಮ್ಮೆಯೂ ಫಿಟ್ಸ್ ಬಂದದ್ದಿಲ್ಲ. ಬಾರದಿರಲೆಂದು ಊಟದ ನಂತರ ತಪ್ಪದೆ ಮಾತ್ರೆ ನುಂಗುತ್ತಿದ್ದಳು. ಅದನ್ನು ಮಾಲೀಕರು ಕಂಡರು, ಕೆಲಸ ಹೋಯಿತು. ಮಾತ್ರೆ ನುಂಗದೆ ಬಿದ್ದಿದ್ದರೆ ಬಿದ್ದದ್ದಕ್ಕೆ ತೆಗೆಯುತ್ತಿದ್ದರು, ನುಂಗಿದ್ದರಿಂದ ನುಂಗಿದ್ದಕ್ಕೆ ತೆಗೆದರು. ನಾನು ಜಗಳಕ್ಕೆ ಹೋದಾಗ ಅವರು ಬಹಳ ಮರ್ಯಾದೆಯಿಂದ, "ನನ್ನದೇನೂ ಇಲ್ಲ ದೇಯಿಯಕ್ಕ, ಅದೇನೋ ಮಾರ್ಗಸೂಚಿ ಬರ್ತದಂತಲ್ಲ, ಅದರಲ್ಲಿ ಬರಲಿ, ಬಂದ ದಿನವೇ ಅವಳು ಬರಲಿ" ಎಂದು ಎಳನೀರು ಕುಡಿಸಿ ಕಳುಹಿಸಿದರು.

ಹೀಗೆ ಒಂದು ಹುಡುಗಿಯ ಕೆಲಸ ಒಂದು ವಾಕ್ಯಕ್ಕೆ ನೇತುಬಿದ್ದಿದ್ದಾಗ ಸಮಿತಿಯಿಂದ ಕರೆ ಬಂತು. ಇಇಜಿ, ಅಂದರೆ ತಲೆಗೆ ವಯರು ಅಂಟಿಸಿ ಮಿದುಳಿನ ಅಲೆ ನೋಡುವ ಪರೀಕ್ಷೆಯನ್ನು ಸದಸ್ಯರ ಮುಂದೆಯೇ ಮಾಡಿ ತೋರಿಸುತ್ತೇವೆ, ನಿದ್ದೆಗೆಟ್ಟರೆ ಅಲೆ ಚೆನ್ನಾಗಿ ಕಾಣುತ್ತದೆ, ಆದ್ದರಿಂದ ನಿರೀಕ್ಷಾ ಇಡೀ ರಾತ್ರಿ ಎಚ್ಚರವಿದ್ದು ಬರಲಿ ಎಂದರು. ಬಂದಳು. ಯಂತ್ರ ಬರಲಿಲ್ಲ. ಯಂತ್ರ ತರಬೇಕಿದ್ದ ವ್ಯಾನು ಸಮಿತಿಯ ಮಧ್ಯಾಹ್ನದ ಊಟ ತರಲು ಹೋಗಿತ್ತು. ಒಳಗೆ ಬ್ಯಾಗ್ ತರಬಾರದೆಂದು ಅವಳ ಬ್ಯಾಗನ್ನು, ಅದರೊಳಗಿದ್ದ ಮಾತ್ರೆಯ ಸಮೇತ, ಕೆಳಗೆ ಕಾವಲುಗಾರ ಆಂಬ್ರೋಸ್‌ನ ಮೇಜಿನಡಿ ಇಡಿಸಿದ್ದರು. ನಿದ್ದೆ ಇಲ್ಲ, ಊಟ ಇಲ್ಲ, ಮಾತ್ರೆ ಇಲ್ಲ. ಫಿಟ್ಸ್ ತರಿಸುವುದು ಹೇಗೆಂಬ ಮಾರ್ಗಸೂಚಿಯೇ ಬೇಕಾಗಿದ್ದರೆ ಸಮಿತಿ ಅದನ್ನು ಆ ಒಂದೇ ಬೆಳಗಿನಲ್ಲಿ ಮುಗಿಸಿತ್ತು.

ಮುಂದಿನದ್ದಕ್ಕೆ ತಾವೇ ಸಾಕ್ಷಿ. ಅಧ್ಯಕ್ಷರಾದ ಡಾ. ಡೆನ್ಜಿಲ್ ಅವರು ಕರಡಿನ ಮೊದಲ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದರು: ಬಿದ್ದವರನ್ನು ಅದುಮಿ ಹಿಡಿಯಬಾರದು, ಬಾಯಿಗೆ ಏನನ್ನೂ ತುರುಕಬಾರದು, ಬದಿಗೆ ತಿರುಗಿಸಬೇಕು, ಐದು ನಿಮಿಷ ಮೀರಿದರೆ ಆಂಬುಲೆನ್ಸ್ ಕರೆಯಬೇಕು, ಕೈಗೆ ಕಬ್ಬಿಣ ಕೊಟ್ಟರೆ ಪ್ರಯೋಜನವಿದೆ ಎಂಬುದಕ್ಕೆ ಯಾವ ಸಾಕ್ಷ್ಯವೂ ಇಲ್ಲ. ಈ ಕೊನೆಯ ವಾಕ್ಯ ಮುಗಿಯುವಾಗ ನಿರೀಕ್ಷಾ ಬೆಂಚಿನಿಂದ ಜಾರಿ ಬಿದ್ದಳು. ಓದುತ್ತಿದ್ದ ಅದೇ ಬಾಯಿ ಕೂಗಿತು: "ಕಬ್ಬಿಣ! ಯಾರ ಹತ್ರ ಕಬ್ಬಿಣ ಉಂಟು? ಬೇಗ ಕೊಡಿ ಮಾರಾಯ್ರೆ!"

ಆಹಾ, ಎಂಥ ವಿದ್ವತ್ತು! ಪದವಿಗಳನ್ನು ಹೆಸರಿನ ಹಿಂದೆ ಗೂಡ್ಸ್ ಗಾಡಿಯ ಹಾಗೆ ಎಳೆಯುವ ಎಲ್ಲರೂ ಏಕಕಾಲದಲ್ಲಿ ಜೇಬಿಗೆ ಕೈ ಹಾಕಿದರು. ಅಧ್ಯಕ್ಷರು ತಮ್ಮ ಕಾರಿನ ಕೀಯನ್ನು ಅವಳ ಮುಷ್ಟಿಯೊಳಗೆ ಒತ್ತಿದರು. "ಅದು ಪ್ಲಾಸ್ಟಿಕ್ ಸರ್, ಅದಕ್ಕೆ ಎಫೆಕ್ಟ್ ಇಲ್ಲ" ಎಂದು ಹಿಂದಿನಿಂದ ಒಬ್ಬರು ಎಚ್ಚರಿಸುವಷ್ಟರಲ್ಲಿ ಎಫೆಕ್ಟ್ ಆಗಿಯೇಬಿಟ್ಟಿತು, ಕೆಳಗೆ ನಿಂತಿದ್ದ ಕಾರು ಬೊಬ್ಬೆ ಹೊಡೆಯತೊಡಗಿತು. ಹಿರಿಯ ಪ್ರೊಫೆಸರೊಬ್ಬರಿಗೆ ಚರ್ಮದ ಚಪ್ಪಲಿ ಮೂಸಿಸಬೇಕೆಂಬ ಇನ್ನೊಂದು ಚಿಕಿತ್ಸೆ ನೆನಪಾಯಿತು. ಆ ಕೋಣೆಯಲ್ಲಿ ಅಷ್ಟೊಂದು ಬೂಟುಗಳಿದ್ದವು. ಯಾರೂ ತಮ್ಮದನ್ನು ಬಿಚ್ಚಲಿಲ್ಲ. ಎಲ್ಲರ ಕಣ್ಣು ಹೋದದ್ದು ಗಲಾಟೆ ಕೇಳಿ ಮೇಲೆ ಓಡಿಬಂದ ಆಂಬ್ರೋಸ್‌ನ ಕಾಲಿಗೆ. ಅವನು "ನಂದು ರಬ್ಬರ್ ಸರ್, ಲೆದರ್ ಎಲ್ಲ ನಿಮ್ಮದು" ಎಂದ. ಚಿಕಿತ್ಸೆಯನ್ನು ಅಲ್ಲಿಗೇ ಕೈಬಿಟ್ಟರು. ಯಾರ ಚಪ್ಪಲಿಯಲ್ಲಿ ಔಷಧಿ ಗುಣವಿದೆ ಎಂದು ಈ ದೇಶ ಬಹಳ ಹಿಂದೆಯೇ ಸಂಶೋಧನೆ ಮುಗಿಸಿ ಕೂತಿದೆ ಎಂಬುದು ಮಾತ್ರ ಮತ್ತೊಮ್ಮೆ ಗೊತ್ತಾಯಿತು.

ಆಗ ಆಂಬ್ರೋಸ್‌ನ ಸೊಂಟದಿಂದ ತಮ್ಮನ್ನು ಕಿತ್ತು ತಂದರು. ಅಷ್ಟರಲ್ಲಿ ನಾನು ಅವಳನ್ನು ಬದಿಗೆ ತಿರುಗಿಸಿ, ತಲೆಯಡಿಗೆ ನನ್ನ ಸೆರಗನ್ನು ಮಡಚಿಟ್ಟು, ಕುರ್ಚಿಗಳನ್ನು ಒದ್ದು ದೂರ ಮಾಡಿದ್ದೆ. ಫಿಟ್ಸ್ ತನ್ನ ಸಮಯ ಮುಗಿಸಿ, ಹೆಚ್ಚಾಗಿ ಅದು ಯಾವಾಗಲೂ ಮಾಡುವಂತೆ, ತಾನಾಗಿ ನಿಂತಿತು; ನಿಲ್ಲುವಾಗ ತಾವು ಅವಳ ಕೈಯಲ್ಲಿದ್ದಿರಿ. ಸಭೆ ಚಪ್ಪಾಳೆ ತಟ್ಟಿತು. ಕಣ್ಣು ತೆರೆದ ನಿರೀಕ್ಷಾ ಅಂಗೈಯಲ್ಲಿ ಮೂಡಿದ್ದ ತಮ್ಮ ಹಲ್ಲಿನ ಗುರುತನ್ನು ನೋಡಿ, "ಇದು ಯಾರ ಕೀ ಮಾಮಿ? ಯಾವ ಬಾಗಿಲು ತೆಗೀಲಿಕ್ಕೆ ಉಂಟು ನಂಗೆ?" ಎಂದು ಕೇಳಿದಳು. ಇಡೀ ಸಭೆಯಲ್ಲಿ ಕೇಳಿಬಂದ ಒಂದೇ ಒಂದು ಬುದ್ಧಿಯ ಪ್ರಶ್ನೆ ಅದು. ಯಾರೂ ಬರೆದುಕೊಳ್ಳಲಿಲ್ಲ.

ಬರೆದುಕೊಂಡದ್ದು ಬೇರೆ. ಕಬ್ಬಿಣ ಕೊಡಲಾಯಿತು, ಫಿಟ್ಸ್ ನಿಂತಿತು, ಸಾಕ್ಷ್ಯ ದೊರೆಯಿತು, ಆದ್ದರಿಂದ ಕಬ್ಬಿಣಕ್ಕೆ ಸಾಕ್ಷ್ಯವಿಲ್ಲವೆಂಬ ವಾಕ್ಯವನ್ನು ಹೊಡೆದುಹಾಕಬೇಕು. ಕಬ್ಬಿಣ ಕೊಡದಿದ್ದರೆ ಎಂತ ಆಗ್ತಿತ್ತು ಡಾಕ್ಟ್ರೇ ಎಂದು ಕೇಳಿದೆ. "ಕೊಡದೆ ನೋಡ್ತಾ ಕೂರುವುದಾ? ನಮಗೂ ಮನುಷ್ಯತ್ವ ಇಲ್ಲವಾ ದೇಯಿಯಮ್ಮ?" ಎಂದು ಅಧ್ಯಕ್ಷರು ನೊಂದುಕೊಂಡರು. ಪ್ರಯೋಗವಾದರೂ ಮಾಡಿ, ಕೆಲವರಿಗೆ ಕೀ, ಕೆಲವರಿಗೆ ಸೌಟು, ಕೆಲವರಿಗೆ ಬಂದರಿನಿಂದ ತಾಜಾ ಬಂಗುಡೆ ಮೀನು ಕೊಟ್ಟು ನೋಡಿ, ಮೂರರಲ್ಲೂ ಫಿಟ್ಸ್ ನಿಲ್ಲುತ್ತದೆ, ಬಂಗುಡೆಯಲ್ಲಾದರೆ ಸಾರೂ ಆಗುತ್ತದೆ ಎಂದೆ. ನನ್ನ ಸಲಹೆ ಸಾಕ್ಷ್ಯಾಧಾರಿತವಲ್ಲವೆಂದು ತಿರಸ್ಕೃತವಾಯಿತು.

ಅನಂತರ ಸಾಕ್ಷ್ಯ ಕೆಡಬಾರದೆಂದು ತಮ್ಮನ್ನು ಲಕೋಟೆಗೆ ಹಾಕಿ, ಅರಗು ಹಚ್ಚಿ, ಕರಡಿನ ಜತೆ ಸಭಾಂಗಣದ ಕಪಾಟಿನಲ್ಲಿಟ್ಟು ಎಲ್ಲರೂ ಮೀನೂಟಕ್ಕೆ ಇಳಿದರು. ಗಾಳಿಗೆ ಸಭಾಂಗಣದ ಬಾಗಿಲು ಹಾಕಿಕೊಂಡು ಲಾಕ್ ಬಿತ್ತು. ಅದರ ಕೀ ಇದ್ದದ್ದು ತಮ್ಮಲ್ಲಿ. ಕಂಕನಾಡಿ ಮಾರ್ಕೆಟಿನಿಂದ ಕೀ ಮಾಡುವ ಶಫೀಕ್‌ನನ್ನು ಕರೆಸಿದರೆ, "ಡೂಪ್ಲಿಕೇಟ್ ಈಗಲೇ ಮಾಡಿ ಕೊಡ್ತೇನೆ, ಒರಿಜಿನಲ್ ಕೀ ಒಮ್ಮೆ ಕೊಡಿ" ಎಂದು ಕೈ ಚಾಚಿದ. ಬೀಗ ಒಡೆಯಿರಿ ಎಂದರೆ ಅದಕ್ಕೆ ಸಮಿತಿಯ ನಿರ್ಣಯ ಬೇಕಂತೆ, ನಿರ್ಣಯಕ್ಕೆ ಸಭೆ ಬೇಕಂತೆ, ಸಭೆಗೆ ಸಭಾಂಗಣ ಬೇಕಂತೆ. ಇನ್ನು ತಮ್ಮನ್ನು ಮುಟ್ಟಬಹುದಾದದ್ದು ಮಾರ್ಗಸೂಚಿ ಅಂಗೀಕಾರವಾದ ಮೇಲೆಯೇ ಅಂತೆ.

ಆದ್ದರಿಂದ ಮಾನ್ಯರೇ, ಮನುಷ್ಯರಲ್ಲಿ ಕೇಳಿ ಸಾಕಾಗಿ ತಮ್ಮಲ್ಲಿ ಕೇಳುತ್ತಿದ್ದೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆಗೆ 'ಸ್ಟಾಕ್ ಇಲ್ಲ' ಎಂಬ ಬೋರ್ಡು ಬೀಳುತ್ತದೆ, ತಮಗೆ ಎಂದೂ ಬಿದ್ದದ್ದಿಲ್ಲ. ತಮ್ಮನ್ನು ದಿನಾ ನುಂಗಬೇಕಾಗಿಲ್ಲ, ನುಂಗಿದ್ದಕ್ಕೆ ಕೆಲಸ ಹೋಗುವುದಿಲ್ಲ. ಇಷ್ಟು ಶಕ್ತಿವಂತರಾದ ತಾವು ಲಕೋಟೆಯಿಂದ ಸ್ವಂತ ಕಾಲಮೇಲೆ ಹೊರಬಂದು, ಒಳಗಿನಿಂದ ಬಾಗಿಲು ತೆರೆದು, ಕರಡಿನ ಆ ಒಂದು ವಾಕ್ಯವನ್ನು ಕಚ್ಚಿಕೊಂಡು ಫಳ್ನೀರಿನ ತನಕ ನಡೆದುಹೋಗಿ ಲ್ಯಾಬಿನ ಮಾಲೀಕರ ಮೇಜಿನ ಮೇಲೆ ಇಡಬೇಕಾಗಿ ವಿನಂತಿ. ದಾರಿಯಲ್ಲಿ ಸಮಯ ಸಿಕ್ಕರೆ ಸಮಿತಿಯ ಸದಸ್ಯರ ಕೈಗೂ ಒಮ್ಮೊಮ್ಮೆ ಬಂದು ಹೋಗಿ; ಅವರಿಗೆ ಬಂದಿರುವ ಮೂರ್ಛೆ ಐದು ನಿಮಿಷ ದಾಟಿ ಬಹಳ ಕಾಲವಾಯಿತು.

ಅಂಗೈಯ ಗುರುತು ಮಾಸಿದರೂ ಮರೆಯದ, ತಮ್ಮ ವಿಶ್ವಾಸಿ,
ದೇಯಿ, ಕಂಕನಾಡಿ

ವಿ.ಸೂ.: ತಾವು ಹೊರಬರದಿದ್ದರೂ ಸಭೆ ನಿಲ್ಲುವುದಿಲ್ಲ. ಸಭಾಂಗಣದ ಹೊರಗಿನ ಮೆಟ್ಟಿಲುಗಳಿಗೆ ಬೀಗವಿಲ್ಲ, ಅಲ್ಲೇ ಸೇರುತ್ತೇವೆ. ಅಧ್ಯಕ್ಷತೆ ನಿರೀಕ್ಷಾಳದ್ದು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಬರುತ್ತಾಳೆ, ಮಾತ್ರೆ ಈ ಸಲ ಬ್ಯಾಗಿನಲ್ಲಲ್ಲ, ಅವಳ ಕಿಸೆಯಲ್ಲೇ ಇರುತ್ತದೆ, ಎಲ್ಲರೆದುರು ನುಂಗುತ್ತಾಳೆ. ಕೆಲಸದಿಂದ ತೆಗೆಯಬಾರದೆಂಬ, ಕರಡಿನ ಕೊನೆಯ ಪುಟದ ಆ ವಾಕ್ಯವನ್ನು ಬಾಯಿಪಾಠ ಹೇಳುತ್ತಾಳೆ, ನಾವು ಕೈಯೆತ್ತಿ ಅಂಗೀಕರಿಸುತ್ತೇವೆ, ಅಲ್ಲಿಂದ ಎಲ್ಲರೂ ಸೇರಿ ಅವಳನ್ನು ಲ್ಯಾಬಿನ ಬಾಗಿಲ ತನಕ ಬಿಟ್ಟುಬರುತ್ತೇವೆ. ಮಾಲೀಕರಿಗೆ ತಿಳಿಸಿಯಾಗಿದೆ, ಎಳನೀರು ಹೆಚ್ಚು ತರಿಸಿಡಲಿ. ಡಾಕ್ಟರುಗಳೂ ಬರಬಹುದು, ಬದಿಗೆ ತಿರುಗಿಸಲು ಎರಡು ಖಾಲಿ ಕೈಗಳು ಸಾಕು, ಆದ್ದರಿಂದ ಕೀಗಳನ್ನು ಮನೆಯಲ್ಲೇ ಬಿಟ್ಟು ಬರಲಿ: ಬರುವ ಗುರುವಾರ, ಬೆಳಿಗ್ಗೆ ಹತ್ತೂವರೆಗೆ.